ಸಿರಿಲ್ ಯಾಕೆ ಕೈ ಕುಲುಕಲಿಲ್ಲ

ನಮ್ಮ ದ್ವೀಪದ ಶಾಲೆಯಲ್ಲಿ ಕಾದಂಬರಿ ಪಾಠ ಮಾಡುವ ಸಲೇಸಿ ಮೇಷ್ಟ್ರು ಅಂದರೆ ನಾನೇ. ಊರಿನಲ್ಲಿ ನನಗೆ ಇನ್ನೊಂದು ಕೆಲಸವೂ ಇದೆ, ನನ್ನ ಅಕ್ಕ ಸೇನಿಯ ಮಕ್ಕಳಿಗೆ ಸೋದರಮಾವನಾಗಿರುವುದು. ಮೊದಲನೆಯದರಲ್ಲಿ ಸಂಬಳ ಬರುತ್ತದೆ, ಎರಡನೆಯದರಲ್ಲಿ ಇದ್ದಬದ್ದದ್ದೆಲ್ಲ ಹೋಗುತ್ತದೆ. ನಮ್ಮ ಟೋಂಗಾ ದೇಶದಲ್ಲಿ ಮಕ್ಕಳು ಸೋದರಮಾವನ ಮನೆಯಿಂದ ಏನು ಬೇಕಾದರೂ ಎತ್ತಿಕೊಂಡು ಹೋಗಬಹುದು. ಮಾವನಾದವನು ನಗುತ್ತಾ ನಿಂತಿರಬೇಕು. ನನ್ನ ಛತ್ರಿ, ಟಾರ್ಚು, ಚರ್ಚಿಗೆಂದು ಹೊಲಿಸಿದ್ದ ಅಂಗಿ, ಎಲ್ಲ ಹಾಗೆಯೇ ಹೋದವು. ನಾನು ನಕ್ಕೆ, ಹಲ್ಲು ಕಡಿಯುತ್ತಾ.

ಅಕ್ಕನಿಗೆ ಇಬ್ಬರು ಹೆಣ್ಣುಮಕ್ಕಳು. ಹಿರಿಯವಳು ಲೆಸಿಯೆಲಿ, ಶಾಲೆಯ ಕೊನೆಯ ವರ್ಷದಲ್ಲಿದ್ದಳು. ಕಿರಿಯವಳು ಎಲೆನಿ, ಆಗಷ್ಟೇ ಹಾಲುಹಲ್ಲು ಬಿದ್ದು ಬೊಚ್ಚುಬಾಯಿ ಮಾಡಿಕೊಂಡಿದ್ದಳು. ಅಕ್ಕ ಇಡೀ ದಿನ ಚಾಪೆ ಹೆಣೆಯುವ ಮನೆಯಲ್ಲಿ ಇರುತ್ತಿದ್ದರಿಂದ ಎಲೆನಿಗೆ ತಲೆ ಬಾಚಿದ್ದು, ಉಣಿಸಿದ್ದು, ಮಲಗಿಸಿದ್ದು ಎಲ್ಲ ಲೆಸಿಯೆಲಿಯೇ. ಈ ಲೆಸಿಯೆಲಿ ಶಾಲೆಯಲ್ಲಿ ನನ್ನನ್ನು ಸರ್ ಎನ್ನುತ್ತಿದ್ದಳು. ಗೇಟು ದಾಟಿದ ಕೂಡಲೇ ನಾನು ಅವಳಿಗೆ ‘ನೀನು’ ಆಗಿಬಿಡುತ್ತಿದ್ದೆ.

ಆ ವರ್ಷ ಪಾಠಕ್ಕಿದ್ದದ್ದು ಒಂದು ಹಳೆಯ ಕಾದಂಬರಿ. ಕುರಿ ಸಾಕುವ ಚಳಿಸೀಮೆಯ ಒಂದು ಬಡ ಸಂಸಾರ. ಅಪ್ಪ ಉಣ್ಣೆ ಕತ್ತರಿಸುವ ಕೂಲಿ. ಜಮೀನ್ದಾರ ಅವನ ಮೇಲೆ ಕುರಿ ಕದ್ದನೆಂಬ ಸುಳ್ಳು ಹೊರಿಸಿ ಜೈಲಿಗೆ ಹಾಕಿಸುತ್ತಾನೆ. ಮನೆ ಒಡೆಯುತ್ತದೆ. ಪುಟ್ಟ ಸಿರಿಲ್‌ನನ್ನು ಪಟ್ಟಣದ ಸಿರಿವಂತ ನೆಂಟರು ರೈಲು ಹತ್ತಿಸಿಕೊಂಡು ಹೋಗುತ್ತಾರೆ. ಅವನ ಅಕ್ಕ ಎಡಿತ್ ಕಷ್ಟಪಟ್ಟು ಓದಿ ದೊಡ್ಡವಳಾಗಿ, ಮೇಲಿನ ಕೋರ್ಟಿಗೆ ಹೋಗಿ, ಅಪ್ಪ ಕಳ್ಳನಲ್ಲ ಎಂದು ತೀರ್ಪು ತರುತ್ತಾಳೆ. ಕೊನೆಯ ಪುಟದಲ್ಲಿ ಸಿರಿಲ್ ಸೂಟು ತೊಟ್ಟು ಊರಿಗೆ ಬರುತ್ತಾನೆ. ಎಡಿತ್ ಕೈ ಚಾಚುತ್ತಾಳೆ. ಅವನು ಕುಲುಕುವುದಿಲ್ಲ. ಅಲ್ಲಿಗೆ ಪುಸ್ತಕ ಮುಗಿಯಿತು.

ನಾನು ಇದನ್ನು ಎಷ್ಟೋ ವರ್ಷಗಳಿಂದ ಪಾಠ ಮಾಡುತ್ತಿದ್ದೆ. ಇದರಲ್ಲಿ ಅನ್ಯಾಯ ಎಲ್ಲಿದೆ ಎಂಬ ಪ್ರಶ್ನೆಗೆ ನನ್ನ ಉತ್ತರ ಸಿದ್ಧವಾಗಿತ್ತು. ಜಮೀನ್ದಾರನಲ್ಲಿ, ಪೊಲೀಸರಲ್ಲಿ, ಕೆಳಗಿನ ಕೋರ್ಟಿನಲ್ಲಿ. ಮಕ್ಕಳು ಬರೆದುಕೊಳ್ಳುತ್ತಿದ್ದರು, ನಾನು ಊಟದ ಗಂಟೆಗೆ ಕಾಯುತ್ತಿದ್ದೆ. ಆ ವರ್ಷ ಮಾತ್ರ ಲೆಸಿಯೆಲಿ ಮೊದಲ ದಿನವೇ ಕೈ ಎತ್ತಿದಳು.

“ಸರ್, ಅಗ್ನೆಸ್ ಅತ್ತೆ ಒಲೆ ಪಕ್ಕ ಯಾಕೆ ಮಲಗ್ತಾಳೆ?”

ಅಗ್ನೆಸ್ ಯಾರೆಂದು ನಾನೇ ಒಂದು ಕ್ಷಣ ಯೋಚಿಸಬೇಕಾಯಿತು. ಎಡಿತ್‌ಳ ಅಪ್ಪನ ಅಕ್ಕ. ಮದುವೆಯಾಗದವಳು, ತಮ್ಮನ ಮನೆಯಲ್ಲಿ ಪಾತ್ರೆ ತೊಳೆದುಕೊಂಡು ಬಿದ್ದಿರುತ್ತಾಳೆ. ಇಡೀ ಕಾದಂಬರಿಯಲ್ಲಿ ಅವಳಿಗೆ ನಾಲ್ಕು ಮಾತಿದ್ದರೆ ಹೆಚ್ಚು.

“ಬಡವರ ಮನೆ, ಜಾಗ ಇಲ್ಲ. ಅದಕ್ಕೆ,” ಎಂದೆ.

“ಜಾಗ ಇಲ್ದಿದ್ರೆ ಅಪ್ಪ ಒಲೆ ಪಕ್ಕ ಮಲಗ್ಬೇಕಿತ್ತು. ಅಪ್ಪನ ಅಕ್ಕ ಕಣೋ… ಅಲ್ಲ, ಅಪ್ಪನ ಅಕ್ಕ ಸರ್ ಅವಳು! ಎಡಿತ್ ಅಮ್ಮ ಅವಳಿಗೆ ಬೈತಾಳೆ ಬೇರೆ. ಬೈದೂ ಅದು ಹೇಗೆ ನೆಟ್ಟಗೆ ನಿಂತಿರ್ತಾಳೆ?”

ತರಗತಿಯೆಲ್ಲ ಗೊಳ್ಳೆಂದಿತು. ಆದರೆ ಅವರಿಗೂ ಅದೇ ಪ್ರಶ್ನೆ ಕೊರೆಯುತ್ತಿತ್ತು ಎಂದು ಮುಖ ನೋಡಿದರೆ ತಿಳಿಯುತ್ತಿತ್ತು. ನಮ್ಮಲ್ಲಿ ಸೋದರತ್ತೆ ಬಂದರೆ ಮನೆಯ ಯಜಮಾನ ಬಾಗಿಲ ಬಳಿ ಸರಿದು ಕೂರುತ್ತಾನೆ. ಮದುವೆಯಲ್ಲಿ, ಸಾವಿನಲ್ಲಿ ಎತ್ತರದ ಜಾಗ ಅವಳದು, ಒಳ್ಳೆಯ ಚಾಪೆ ಅವಳದು. ಅವಳು ಬಾಯಿಬಿಟ್ಟು ಕೇಳಿದ್ದಕ್ಕೆ ಇಲ್ಲ ಎನ್ನುವ ನಾಲಿಗೆ ಯಾರಿಗೂ ಇಲ್ಲ. ಹಿಂದಿನ ಬೆಂಚಿನ ಹುಡುಗನೊಬ್ಬ, “ಅದಕ್ಕೇ ಸರ್ ಅವರಪ್ಪ ಜೈಲಿಗೆ ಹೋಗಿದ್ದು, ಅತ್ತೆ ಶಾಪ!” ಎಂದ. ಜಮೀನ್ದಾರನ ಅನ್ಯಾಯ ಆ ದಿನ ಪಾಠದಲ್ಲಿ ಬರಲೇ ಇಲ್ಲ.

ಮರುದಿನ ಇನ್ನೊಂದು ಪ್ರಶ್ನೆ. “ಸರ್, ಕೊನೇಲಿ ಸಿರಿಲ್ ಯಾಕೆ ಕೈ ಕುಲುಕಲ್ಲ?”

ಇದಕ್ಕೆ ನನ್ನ ಬಳಿ ಉತ್ತರವಿತ್ತು. “ಪಟ್ಟಣದ ಸಿರಿತನ ಅವನ ಮನಸ್ಸನ್ನ ಕಲ್ಲು ಮಾಡಿದೆ. ಬರೆದುಕೊಳ್ಳಿ.”

ಅವಳು ಬರೆದುಕೊಳ್ಳಲಿಲ್ಲ. “ಅವಳು ಇಷ್ಟೆಲ್ಲ ಮಾಡಿದ್ದಾಳೆ, ಅಪ್ಪನ್ನ ಬಿಡಿಸಿದ್ದಾಳೆ. ಬರೀ ಸಿರಿತನಕ್ಕೆ ಹಾಗೆ ಮಾಡ್ತಾರಾ? ನನಗೇನೋ ಸರಿ ಕಾಣ್ತಿಲ್ಲ,” ಎಂದು ಪುಸ್ತಕವನ್ನು ತಿರುವುತ್ತಾ ಕೂತಳು. ಇವಳು ತಲೆ ತಿನ್ನುವುದಕ್ಕೇ ಹುಟ್ಟಿದ್ದಾಳೆ ಎಂದು ನನಗೆ ಸಿಟ್ಟು ಬಂತು. ಅದರ ಜೊತೆಗೆ, ಹೇಳಬಾರದು, ನನಗೂ ಅದು ಸರಿ ಕಾಣದೆ ಹೋಯಿತು.

ಆ ವಾರವೇ ಫೋನು ಬಂದದ್ದು. ಲೆಸಿಯೆಲಿಯ ಅಪ್ಪ ಫೆಲೆತಿಗೆ ಅಕ್ಕನೊಬ್ಬಳಿದ್ದಾಳೆ, ಮೆಲೆನೈಟೆ. ರಾಜಧಾನಿ ನುಕುಅಲೋಫದಲ್ಲಿ ಮನೆ. ಇದ್ದೊಬ್ಬ ಮಗಳು ಮದುವೆಯಾಗಿ ನ್ಯೂಜಿಲೆಂಡಿಗೆ ಹೋದಳು, ಗಂಡ ತೀರಿಕೊಂಡ. ಶುಕ್ರವಾರದ ಹಡಗಿಗೆ ಬರುತ್ತೇನೆ, ಎಲೆನಿಯನ್ನು ಸಾಕಲು ಕರೆದುಕೊಂಡು ಹೋಗುತ್ತೇನೆ ಎಂದಳಂತೆ. ಕೇಳಿದ್ದಲ್ಲ, ತಿಳಿಸಿದ್ದು. ಫೆಲೆತಿ, “ಆಗಲಿ ಅಕ್ಕ, ನಿಮ್ಮ ಮಗುವೇ ಅಲ್ವಾ,” ಎಂದು ಫೋನಿಟ್ಟು, ಗೆಣಸಿನ ಹೊಲಕ್ಕೆ ಹೋದವನು ಕತ್ತಲಾಗುವವರೆಗೂ ಬರಲಿಲ್ಲ. ಸೇನಿ ಅಕ್ಕ ಹೆಣೆಯುತ್ತಿದ್ದ ಚಾಪೆಯನ್ನು ಬಿಚ್ಚಿ ಮತ್ತೆ ಮೊದಲಿಂದ ಹೆಣೆಯುತ್ತಾ ಕೂತಳು.

ನಾನು ಅಕ್ಕನಿಗೆ ಸಮಾಧಾನ ಹೇಳುವಂತಿರಲಿಲ್ಲ. ದೊಡ್ಡವರಾದ ಮೇಲೆ ಅಕ್ಕತಮ್ಮಂದಿರು ನಮ್ಮಲ್ಲಿ ಒಂದೇ ಕೋಣೆಯಲ್ಲಿ ಕೂತು ಹರಟುವುದಿಲ್ಲ. ಅವಳು ಒಳಗಿದ್ದರೆ ನಾನು ಜಗುಲಿಯಲ್ಲಿ. ಹಾಗಾಗಿ ನನ್ನ ಪಾಲಿಗೆ ಬಂದವಳು ಲೆಸಿಯೆಲಿ. ಸಂಜೆ ನನ್ನ ಗುಡಿಸಲಿಗೆ ಬಂದು, ಕೇಳದೆಯೇ ನನ್ನ ತಟ್ಟೆಯ ದೀವಿಹಲಸಿನ ಹೋಳು ಎತ್ತಿಕೊಂಡು, ತಿನ್ನದೆ ಕೈಯಲ್ಲೇ ಹಿಡಿದುಕೊಂಡಳು.

“ಮಾವ, ಎಡಿತ್ ಮೇಲಿನ ಕೋರ್ಟಿಗೆ ಹೋದ್ಲಲ್ಲ. ಅತ್ತೆ ಮೇಲೆ ಯಾವ ಕೋರ್ಟಿದೆ?”

“ಯಾವುದೂ ಇಲ್ಲ. ಸುಮ್ನೆ ಕಾದಂಬರಿ ಓದಿ ಮನೆ ಮಾತಿಗೆ ಮೂಗು ತೂರಿಸ್ಬೇಡ.”

“ಅಪ್ಪನಿಗೆ ಅತ್ತೆ ಮೇಲು. ಸರಿ. ಅತ್ತೆಗೆ ಯಾರು ಮೇಲು?”

“ದೇವರು.”

“ಅತ್ತೆಗೂ ಒಬ್ಬ ಸೋದರತ್ತೆ ಇರ್ಬೇಕಲ್ಲ?”

ನಾನು ನಾಲಿಗೆ ಕಚ್ಚಿಕೊಂಡೆ. ಇದ್ದಳು. ಲೆಸಿಯೆಲಿಯ ಅಪ್ಪನ ಕಡೆಯ ಅಜ್ಜನ ತಂಗಿ ಟೋಕಿಲುಪೆ, ದ್ವೀಪದ ಆ ತುದಿಯಲ್ಲಿ ಒಬ್ಬಳೇ ಇದ್ದ ಮುದುಕಿ. ಯಾರ ಮನೆಗೂ ಹೋಗುವವಳಲ್ಲ. ಅವಳ ಬಾಯಿಗೆ ಹೆದರಿ ಯಾರೂ ಅವಳ ಮನೆಗೂ ಹೋಗುತ್ತಿರಲಿಲ್ಲ. ಆದರೂ ದ್ವೀಪದ ಸುದ್ದಿಯೆಲ್ಲ ಹೇಗೋ ಅವಳ ಕಿವಿಗೆ ಬೀಳುತ್ತಿತ್ತು. ಲೆಸಿಯೆಲಿಗೂ ಅವಳು ನೆನಪಾದಳೆಂದು ಅರಳಿದ ಕಣ್ಣೇ ಹೇಳಿತು.

“ಬೇಡ ಕಣೆ. ಬರಿಗೈಲಿ ಹೋಗೋ ಹಾಗಿಲ್ಲ ಅವರ ಹತ್ರ. ಅಂಥವರ ಮುಂದೆ ಬೇಡ್ಕೊಳ್ಳೋಕೆ ಹಂದಿಯಾದ್ರೂ ಬೇಕು. ನಿಮ್ಮನೇಲಿ ಎಲ್ಲಿದೆ ಹಂದಿ?”

ಹೇಳಿದ ಮೇಲೆ ತಿಳಿಯಿತು, ಎಂಥ ದಡ್ಡ ನಾನು ಎಂದು. ಅವಳು ಆಗಲೇ ನನ್ನ ಹಂದಿಗೂಡಿನ ಕಡೆ ನೋಡುತ್ತಿದ್ದಳು. ಚರ್ಚಿನ ದೊಡ್ಡ ಔತಣಕ್ಕೆಂದು ನಾನು ಕೊಬ್ಬಿಸುತ್ತಿದ್ದ ಹಂದಿ ಅದು. ಪಾದ್ರಿಯ ಮುಂದೆ ಅದರ ಸೊಂಟದ ಸುತ್ತಳತೆಯನ್ನು ಎರಡು ಕೈ ಚಾಚಿ ತೋರಿಸಿ ಬಂದಿದ್ದೆ.

“ತಗೊಂಡು ಹೋಗ್ತೀನಿ ಮಾವ,” ಎಂದಳು. ನಾನು ನಕ್ಕೆ. ಇನ್ನೇನು ಮಾಡಲಿ?

ಮರುದಿನ ಪಕ್ಕದ ಮನೆಯವರ ಪಿಕಪ್ಪಿನಲ್ಲಿ ಹೊರಟೆವು. ಹಂದಿಯ ಕಾಲು ಹಿಡಿದು ಹಿಂದೆ ಕೂತವನು ನಾನು. ಟೋಕಿಲುಪೆ ಅಜ್ಜಿ ಅಂಗಳದಲ್ಲಿ ಒಣಹಾಕಿದ್ದ ಕೇದಗೆ ಎಲೆಗಳನ್ನು ಸುತ್ತಿಡುತ್ತಿದ್ದಳು. ಹಂದಿಯನ್ನು ನೋಡಿದಳು, ನಮ್ಮನ್ನು ನೋಡಿದಳು.

“ಹಂದಿ ಚೆನ್ನಾಗಿದೆ. ಹಾಗಾದ್ರೆ ಬಂದಿರೋ ವಿಷಯ ಚೆನ್ನಾಗಿಲ್ಲ,” ಎಂದಳು.

ಲೆಸಿಯೆಲಿ ತಲೆ ತಗ್ಗಿಸಿ ನೆಲದ ಮೇಲೆ ಕೂತಳು. ಬಾಯಿ ತೆರೆದಳು, ಮುಚ್ಚಿದಳು. ಆಗ ನನಗೆ ಅವಳ ಪಾಡು ಅರ್ಥವಾಯಿತು. ಸೋದರತ್ತೆಯ ಮೇಲೆ ದೂರು ಹೇಳುವುದೇ ದೊಡ್ಡ ತಪ್ಪು. ಅದನ್ನು ಕೇಳಿಸಿಕೊಂಡ ಅಜ್ಜಿ ಮೊದಲು ಬೈಯುವುದೇ ಇವಳಿಗೆ. ಅಷ್ಟರಲ್ಲಿ ಅವಳು ಮೆಲ್ಲಗೆ, “ಅಜ್ಜಿ, ನಾನೊಂದು ಪುಸ್ತಕ ಓದ್ತಿದೀನಿ. ಅದರ ಕಥೆ ಹೇಳ್ಲಾ?” ಎಂದಳು.

“ಕಥೆ ಹೇಳೋಕೆ ಹಂದಿ ತಂದ್ಯಾ? ಹೇಳು, ಹೇಳು.”

ಅವಳು ಹೇಳಿದಳು. ನಾನು ಅಷ್ಟು ವರ್ಷ ಪಾಠ ಮಾಡಿದ್ದಕ್ಕಿಂತ ಚೆನ್ನಾಗಿ ಹೇಳಿದಳು, ಸುಳ್ಳೇಕೆ. ಅಗ್ನೆಸ್ ಒಲೆಯ ಪಕ್ಕ ಮಲಗುವ ಕಡೆ ಬಂದಾಗ ಅಜ್ಜಿ ಎಲೆ ಸುತ್ತುವುದನ್ನು ನಿಲ್ಲಿಸಿ, “ಥೂ! ಮನುಷ್ಯರಾ ಅವರು?” ಎಂದಳು. ಕುರಿ ಕಳವಿನ ವಿಚಾರಕ್ಕೆ, “ಎಷ್ಟು ಕುರಿ? ಅಷ್ಟಕ್ಕೆ ಜೈಲಾ?” ಎಂದು ಕೇಳಿದಳು. ಸಿರಿಲ್ ರೈಲು ಹತ್ತುವ ಅಧ್ಯಾಯ ಬಂತು. ಓದಿದವರೆಲ್ಲ ಕಣ್ಣೀರು ಹಾಕುವ ಅಧ್ಯಾಯ ಅದು. ಎಡಿತ್ ನೋಡಲಾರದೆ ಉಣ್ಣೆ ತುಂಬಿದ ಕೊಟ್ಟಿಗೆಯಲ್ಲಿ ಬಚ್ಚಿಟ್ಟುಕೊಂಡು, ರೈಲಿನ ಸಿಳ್ಳೆ ಕೇಳಿಸದಂತೆ ಕಿವಿ ಮುಚ್ಚಿಕೊಳ್ಳುತ್ತಾಳೆ.

“ಆ ಹುಡುಗ ಏನಂದ?” ಎಂದಳು ಅಜ್ಜಿ.

“ಯಾವ ಹುಡುಗ?”

“ರೈಲು ಹತ್ತಿದೋನು. ಹೋಗ್ತೀನಿ ಅಂದ್ನಾ, ಹೋಗಲ್ಲ ಅಂದ್ನಾ?”

ಲೆಸಿಯೆಲಿ ನನ್ನ ಕಡೆ ನೋಡಿದಳು. ನಾನು ಆಕಾಶ ನೋಡಿದೆ. “ಪುಸ್ತಕದಲ್ಲಿ ಅದಿಲ್ಲ ಅಜ್ಜಿ,” ಎಂದಳು ಅವಳು.

“ಎಂಥ ಪುಸ್ತಕಾನೇ ಅದು! ಎಲ್ಲರ ಗೋಳೂ ಇದೆ, ಹೋದೋನ ಮಾತೇ ಇಲ್ಲ,” ಎಂದು ಅಜ್ಜಿ ಮತ್ತೆ ಎಲೆ ಸುತ್ತತೊಡಗಿದಳು. ತಲೆ ಎತ್ತದೆಯೇ ಕೇಳಿದಳು. “ಮೆಲೆನೈಟೆ ಯಾವ ಹಡಗಿಗೆ ಬರ್ತಾಳೆ?”

ಶುಕ್ರವಾರ ಮೆಲೆನೈಟೆ ಬಂದಳು. ದಪ್ಪ ಮೈ, ಗಟ್ಟಿ ದನಿ, ನಮ್ಮಲ್ಲಿ ಗೌರವದ ಉಡುಗೆಯಾಗಿ ಸುತ್ತಿಕೊಳ್ಳುವ ಚಾಪೆ, ಹೊಸದು, ಸೊಂಟಕ್ಕೆ ಸುತ್ತಿದ್ದಳು. ಎಲೆನಿಗೆ ಹಳದಿ ಫ್ರಾಕು, ಮನೆಗೆ ಡಬ್ಬಿಮಾಂಸ ತಂದಿದ್ದಳು. ಒಳಗೆ ಎಲ್ಲಕ್ಕಿಂತ ನಯವಾದ ಚಾಪೆಯ ಮೇಲೆ ಅವಳು, ಬಾಗಿಲ ಬಳಿ ಫೆಲೆತಿ, ಮೂಲೆಯಲ್ಲಿ ಸೇನಿ ಅಕ್ಕ. ನಾನು ಎಂದಿನಂತೆ ಜಗುಲಿಯಲ್ಲಿ, ಕಿಟಕಿಗೆ ಕಿವಿ ಕೊಟ್ಟು. ಎಲೆನಿ ಹೊಸ ಫ್ರಾಕು ತೊಟ್ಟು ಗಿರಗಿರ ತಿರುಗುತ್ತಿದ್ದಳು.

“ಸೋಮವಾರದ ಹಡಗಿಗೆ ಹೊರಡ್ತೀವಿ. ಅವಳ ಬಟ್ಟೆ ಏನೂ ಕಟ್ಬೇಡ ಸೇನಿ, ಅಲ್ಲಿ ಎಲ್ಲ ಹೊಸದು ಕೊಡಿಸ್ತೀನಿ,” ಎಂದಳು ಮೆಲೆನೈಟೆ.

“ನಿಮ್ಮಿಷ್ಟ ಅಕ್ಕ,” ಎಂದ ಫೆಲೆತಿ, ನೆಲ ನೋಡುತ್ತಾ.

ಆಗ ರಸ್ತೆಯಲ್ಲಿ ಪಿಕಪ್ಪು ನಿಂತಿತು. ಟೋಕಿಲುಪೆ ಅಜ್ಜಿ ಯಾರ ಕೈಯನ್ನೂ ಹಿಡಿಯದೆ ಇಳಿದು, ನನ್ನನ್ನು ದಾಟಿ ಒಳಗೆ ಹೋದಳು. ಮೆಲೆನೈಟೆ ಆ ನಯವಾದ ಚಾಪೆ ಬಿಟ್ಟು ಸರಿದು, ತಮ್ಮನ ಪಕ್ಕ ಬಾಗಿಲ ಬಳಿ ಕೂತಳು. ಅಷ್ಟು ದೊಡ್ಡ ಹೆಂಗಸು ಇದ್ದಕ್ಕಿದ್ದಂತೆ ಹುಡುಗಿಯಾಗಿಬಿಟ್ಟಳು.

“ಮಗು ಬೇಕಂತೆ ನಿನಗೆ,” ಎಂದಳು ಅಜ್ಜಿ.

“ಹೌದು ಅತ್ತೆ. ನೀವು ಬೇಡ ಅಂದ್ರೆ ಬಿಟ್ಟೆ.”

“ನಾನಿನ್ನೂ ಏನೂ ಅಂದಿಲ್ಲ. ಯಾರ್ಯಾರಿಗೆ ಮಗು ಬೇಕು ಅನ್ನೋದು ಗೊತ್ತಾಯ್ತು. ಮಗೂಗೆ ಯಾರು ಬೇಕು? ಬಾರೆ ಇಲ್ಲಿ ಬೊಚ್ಚುಬಾಯಿ. ಅತ್ತೆ ಜೊತೆ ಹೋಗ್ತೀಯಾ, ಇಲ್ಲೇ ಇರ್ತೀಯಾ?”

ಲೆಸಿಯೆಲಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಕಿಟಕಿಯಿಂದ ಅವಳ ಮುಖ ನನಗೆ ಸರಿಯಾಗಿ ಕಾಣುತ್ತಿತ್ತು. ಗೆದ್ದೆ ಎಂಬ ನಗು ಆಗಲೇ ತುಟಿಯ ತುದಿಗೆ ಬಂದಿತ್ತು.

“ಹೋಗ್ತೀನಿ,” ಎಂದಳು ಎಲೆನಿ.

“ಹಡಗು ನೋಡೋಕಾ?” ಎಂದಳು ಅಜ್ಜಿ.

“ಹಡಗೂ ನೋಡ್ಬೇಕು. ಆಮೇಲೆ, ಅತ್ತೆಗೆ ಕತ್ತಲು ಅಂದ್ರೆ ಭಯ ಅಂತೆ. ಫೋನಲ್ಲಿ ನನಗೆ ಮಾತ್ರ ಹೇಳಿದ್ರು. ಮನೇಲಿ ಒಬ್ರೇ ಮಲಗ್ತಾರಂತೆ, ಲೈಟ್ ಹಾಕ್ಕೊಂಡೇ. ನನಗೆ ಭಯ ಇಲ್ಲ. ನಾನು ಪಕ್ಕದಲ್ಲಿ ಮಲಗ್ತೀನಿ.”

ಮೆಲೆನೈಟೆ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಫೆಲೆತಿ ಮೊದಲ ಬಾರಿಗೆ ಅಕ್ಕನ ಕಡೆ ತಿರುಗಿ ನೋಡಿದ. ಇಷ್ಟು ದಿನ ನಾವೆಲ್ಲ ಅವಳನ್ನು ಕಾದಂಬರಿಯ ಜಮೀನ್ದಾರನಂತೆ ಕಂಡಿದ್ದೆವು. ನನಗಂತೂ ನಾಚಿಕೆಯಾಯಿತು.

ಅಜ್ಜಿ ಲೆಸಿಯೆಲಿಯತ್ತ ತಿರುಗಿದಳು. “ಹಂದಿ ತಂದೋಳು ನೀನು. ನಾನು ಬೇಡ ಅಂದ್ರೆ ಇವಳು ಹೋಗಲ್ಲ. ಯಾರೂ ನನ್ನ ಮಾತು ಮೀರಲ್ಲ. ಹೇಳು, ಏನನ್ಲಿ?”

ಆ ಹುಡುಗಿಯ ಮೇಲೆ ಅಂಥ ಭಾರ ಹಾಕಬಾರದಿತ್ತು ಎಂದು ಇವತ್ತಿಗೂ ನನಗೆ ಅನ್ನಿಸುತ್ತದೆ. ಒಂದೇ ಒಂದು ಮಾತು ಸಾಕಿತ್ತು, ತಂಗಿ ಅವಳ ಮಡಿಲಲ್ಲೇ ಉಳಿಯುತ್ತಿದ್ದಳು. ಲೆಸಿಯೆಲಿ ಎಲೆನಿಯನ್ನು ನೋಡಿದಳು. ಎಲೆನಿ ಫ್ರಾಕಿನ ಗುಂಡಿಯನ್ನು ತಿರುಚುತ್ತಾ ಅಕ್ಕನನ್ನು ನೋಡಿದಳು.

“ಹೋಗ್ಲಿ ಅಜ್ಜಿ,” ಎಂದಳು ಲೆಸಿಯೆಲಿ. “ಆದ್ರೆ ವಾಪಸ್ ಬರ್ಬೇಕು ಅನ್ನಿಸಿದ ದಿನ ಬರೋ ಹಾಗಿರ್ಬೇಕು. ಯಾರ ಅಪ್ಪಣೇನೂ ಬೇಡ. ಅವಳು ಅಂದ್ರೆ ಸಾಕು.”

“ಆಯ್ತು. ಅದೇ ನನ್ನ ಮಾತು. ಕೇಳಿಸ್ತಾ ಮೆಲೆನೈಟೆ?”

“ಕೇಳಿಸ್ತು ಅತ್ತೆ,” ಎಂದಳು ಮೆಲೆನೈಟೆ, ಬೆರಳ ಸಂದಿಯಿಂದ.

ಅಜ್ಜಿ ಹೊರಡುವಾಗ ಜಗುಲಿಯಲ್ಲಿ ನಿಂತು, “ನೀನೇನಾ ಆ ಪುಸ್ತಕ ಪಾಠ ಮಾಡೋನು? ಹಂದಿ ಸಾಕೋದನ್ನ ಅದಕ್ಕಿಂತ ಚೆನ್ನಾಗಿ ಮಾಡ್ತೀಯ,” ಎಂದು ಹೇಳಿ ಹೋದಳು.

ಸೋಮವಾರ ಎಲ್ಲರೂ ಬಂದರಿಗೆ ಹೋದರು, ಲೆಸಿಯೆಲಿ ಒಬ್ಬಳನ್ನು ಬಿಟ್ಟು. ಬೆಳಿಗ್ಗೆ ತಂಗಿಗೆ ಎರಡು ಜಡೆ ಬಿಗಿಯಾಗಿ ಹೆಣೆದು, ಹೂವಿಟ್ಟು, ಹಿತ್ತಿಲ ಕಡೆ ಹೋದವಳು ಮತ್ತೆ ಕಾಣಲಿಲ್ಲ. ಎಲೆನಿ ಹಡಗಿನ ಮೆಟ್ಟಿಲ ಬಳಿ ಅತ್ತೆಯ ಕೈ ಹಿಡಿದು ನಿಂತು, “ಅಕ್ಕ ಎಲ್ಲಿ?” ಎಂದು ಎರಡು ಸಲ ಕೇಳಿದಳು. ನಾನು ಪಕ್ಕದ ಮನೆಯವರ ಪಿಕಪ್ಪನ್ನು ನಾನೇ ಓಡಿಸಿಕೊಂಡು ಮನೆಗೆ ಬಂದೆ.

ಅವಳು ನನ್ನ ಖಾಲಿ ಹಂದಿಗೂಡಿನ ಒಳಗೆ ಮೊಣಕಾಲಿಗೆ ತಲೆ ಕೊಟ್ಟು ಕೂತಿದ್ದಳು.

“ಹಡಗು ಇನ್ನೇನು ಹೊರಡುತ್ತೆ,” ಎಂದೆ.

“ಹೋಗು ಮಾವ. ನನ್ ಕೈಲಾಗಲ್ಲ ನೋಡೋಕೆ.”

ನಾನು ಹೋಗಲಿಲ್ಲ. ಬಯ್ಯುವುದೋ ಸಮಾಧಾನ ಮಾಡುವುದೋ ತಿಳಿಯದೆ ಬೇಲಿಯ ಗೂಟ ಹಿಡಿದು ನಿಂತೆ. ಬಂದರಿನಿಂದ ಹಡಗಿನ ಕೂಗು ಕೇಳಿತು. ಅವಳ ಕೈಗಳು ಕಿವಿಯತ್ತ ಹೋದವು, ಅರ್ಧದಲ್ಲೇ ನಿಂತವು. ತಲೆ ಎತ್ತಿ ಸುತ್ತಲಿನ ಗೂಟಗಳನ್ನು, ತನ್ನ ಕೈಗಳನ್ನು, ಆಮೇಲೆ ನನ್ನನ್ನು ನೋಡಿದಳು.

“ಮಾವ, ಆವತ್ತು ಎಡಿತ್ ಎಲ್ಲಿದ್ಲು?”

“ಉಣ್ಣೆ ಕೊಟ್ಟಿಗೇಲಿ,” ಎಂದೆ.

ಅವಳು ಎದ್ದ ರಭಸಕ್ಕೆ ಗೂಡಿನ ಬಾಗಿಲು ಕಿತ್ತು ಬಂತು. ಪಿಕಪ್ಪಿನಲ್ಲಿ ನಾನು ಅಷ್ಟು ಜೋರಾಗಿ ಹೋದದ್ದು ಅದೇ ಮೊದಲು, ಅದೇ ಕೊನೆ. ನಾವು ತಲುಪುವ ಹೊತ್ತಿಗೆ ಹಗ್ಗ ಬಿಚ್ಚಿದ್ದರು, ಹಡಗಿಗೂ ಕಟ್ಟೆಗೂ ನಡುವೆ ನೀರು ಕಾಣುತ್ತಿತ್ತು. ಹಿಂದಿನ ಕಟಾಂಜನದ ಬಳಿ ಹಳದಿ ಫ್ರಾಕು ನಿಂತಿತ್ತು. ಎಲ್ಲರೂ ಕೈ ಬೀಸುತ್ತಿದ್ದರೂ ಅದು ಮಾತ್ರ ಬೀಸದೆ ಜನರ ನಡುವೆ ಯಾರನ್ನೋ ಹುಡುಕುತ್ತಿತ್ತು.

“ಎಲೆನೀ!” ಎಂದು ಲೆಸಿಯೆಲಿ ಕಟ್ಟೆಯ ತುದಿಯವರೆಗೂ ಓಡಿದಳು. “ಇಲ್ಲಿದೀನಿ ಕಣೇ! ಇಲ್ಲಿ!”

ಹಳದಿ ಫ್ರಾಕು ಒಮ್ಮೆ ಜಿಗಿಯಿತು. ಪುಟ್ಟ ಕೈ ಮೇಲಕ್ಕೆದ್ದು, ತೋಳು ಕಳಚಿ ಬೀಳುವ ಹಾಗೆ ಬೀಸತೊಡಗಿತು. ಹಡಗು ತುದಿಯ ಬಂಡೆಯನ್ನು ಸುತ್ತಿ ಮರೆಯಾಗುವವರೆಗೂ ಆ ಕೈ ಇಳಿಯಲಿಲ್ಲ, ಇವಳ ಕೈಯೂ ಇಳಿಯಲಿಲ್ಲ.

ನಾನು ಮೆಲ್ಲಗೆ ಹೋಗಿ ಪಕ್ಕದಲ್ಲಿ ನಿಂತೆ. ಅವಳು ನನ್ನ ಅಂಗಿಯ ತುದಿಯನ್ನೇ ಎಳೆದುಕೊಂಡು ಮೂಗು ಒರೆಸಿಕೊಂಡಳು. ಕಣ್ಣು ಇನ್ನೂ ನೀರಿನ ಮೇಲೇ ಇತ್ತು.

“ಸಿರಿಲ್‌ಗೆ ಸಿರಿತನದ ಸೊಕ್ಕು ಅಲ್ಲ ಮಾವ,” ಎಂದಳು. “ಅವನು ರೈಲಿನ ಕಿಟಕೀಲಿ ಅಕ್ಕ ಬರ್ತಾಳೆ ಅಂತ ನೋಡಿರ್ತಾನೆ.”